ಲೈಟ್‌ಹೌಸ್‌ಗಳ ಬೆನ್ನು ಹಿಡಿದು ಗಲಿಸಿಯಾ ಕರಾವಳಿ: ನನ್ನ ಅನುಭವ

ಸ್ಪೇನ್‌ಗೆ ಹೋಗುವ ನಮ್ಮವರು ಹೆಚ್ಚಾಗಿ ಬಾರ್ಸಿಲೋನಾ, ಮ್ಯಾಡ್ರಿಡ್, ಗ್ರನಾಡಾ ನೋಡಿ ವಾಪಸ್ ಬರುತ್ತಾರೆ. ಕಡಲು ನೋಡಬೇಕು ಅಂದರೆ ಮೆಡಿಟರೇನಿಯನ್ ಬದಿಗೆ ಹೋಗುತ್ತಾರೆ. ನಾವು ಹೋಗಿದ್ದು ವಾಯವ್ಯ ಮೂಲೆಯ ಗಲಿಸಿಯಾಕ್ಕೆ. ಅಲ್ಲಿ ಆ ಕೊರುನ್ಯಾ ನಗರದ ಪಶ್ಚಿಮಕ್ಕೆ ಮಲ್ಪಿಕಾ ಎಂಬ ಮೀನುಗಾರರ ಊರಿದೆ. ಅಲ್ಲಿಂದ ಫಿಸ್ತೆರ್ರಾ ಭೂಶಿರದ ಕಡೆಗೆ ಸಾಗುವ ಅಟ್ಲಾಂಟಿಕ್ ತೀರಕ್ಕೆ ಕೋಸ್ಟಾ ಡಾ ಮೋರ್ಟೆ, ಅಂದರೆ ಸಾವಿನ ಕರಾವಳಿ ಅನ್ನುತ್ತಾರೆ. ಶತಮಾನಗಳಿಂದ ಅಲ್ಲಿ ಒಡೆದ ಹಡಗುಗಳಿಂದ ಬಂದ ಹೆಸರು.

ಹೊರಡುವ ಮುಂಚೆ ನಾನು ಮಾಡಿದ ಮುಖ್ಯ ಕೆಲಸ ಒಂದೇ. "ನೋಡಲೇಬೇಕಾದ ಸ್ಥಳಗಳು" ಅನ್ನೋ ಪಟ್ಟಿಗಳನ್ನು ಬದಿಗಿಟ್ಟೆ. ಮ್ಯಾಪ್ ತೆಗೆದು ಬರೀ ಲೈಟ್‌ಹೌಸ್‌ಗಳಿಗೆ ಗುರುತು ಹಾಕಿದೆ. ಪ್ರತಿಯೊಂದರ ಮುಂದೆ ಯಾವ ಹಡಗು ಒಡೆಯಿತು, ಯಾರು ಸತ್ತರು, ಆಮೇಲೆ ಏನಾಯಿತು ಅಂತ ಓದಿಕೊಂಡೆ. ಅಲ್ಲಿನ ಒಳ್ಳೆಯ ವ್ಯೂಪಾಯಿಂಟ್‌ಗಳಲ್ಲಿ ಹೆಚ್ಚಿನವು ಇರುವುದು ಲೈಟ್‌ಹೌಸ್‌ಗಳ ಹತ್ತಿರವೇ. ಹಡಗಿಗೆ ದೂರದಿಂದ ಕಾಣಬೇಕಾದ ಜಾಗದಿಂದಲೇ ನಮಗೂ ದೂರದವರೆಗೆ ಕಾಣುತ್ತದೆ, ಅಲ್ವಾ? ಈ ಕರಾವಳಿಯನ್ನು ಹಡಗಿನವರ ಕಣ್ಣಿಂದ ನೋಡಿದರೆ ಮಾತ್ರ ಅದು ಪೂರ್ತಿ ಅರ್ಥವಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮ್ಯಾಡ್ರಿಡ್‌ನಿಂದ ಆ ಕೊರುನ್ಯಾಗೆ ರೈಲಿದೆ, ವಿಮಾನವೂ ಇದೆ. ಅಲ್ಲಿಂದ ಮುಂದಕ್ಕೆ ಬಾಡಿಗೆ ಕಾರು. ಗಲಿಸಿಯಾದ ರಾಜಧಾನಿ, ಕ್ರೈಸ್ತರ ಹೆಸರಾಂತ ಯಾತ್ರಾಸ್ಥಳ ಸಾಂತಿಯಾಗೊದಿಂದ ಫಿಸ್ತೆರ್ರಾ ಮತ್ತು ಮುಶಿಯಾ ಊರುಗಳಿಗೆ ಬಸ್ ಇದೆ, ಆದರೆ ಭೂಶಿರಗಳ ತುದಿಯವರೆಗೆ ಬಸ್ ನೆಚ್ಚಿಕೊಂಡು ಹೋಗುವುದು ಕಷ್ಟ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಗೇರ್ ಇಲ್ಲದ ಕಾರು ಬೇಕಿದ್ದರೆ ಮೊದಲೇ ಹೇಳಿಡಬೇಕು. ನಡೆಯುವ ಶಕ್ತಿ ಇರುವವರಿಗೆ ಮಲ್ಪಿಕಾದಿಂದ ಫಿಸ್ತೆರ್ರಾ ತನಕ ಕಡಲಂಚಲ್ಲೇ ಸಾಗುವ ಸುಮಾರು 200 ಕಿಲೋಮೀಟರ್ ಕಾಲುದಾರಿ ಇದೆ. ಅದರ ಹೆಸರೇ ಲೈಟ್‌ಹೌಸ್‌ಗಳ ದಾರಿ. ನಮ್ಮ ಜೊತೆ ಅಮ್ಮ ಇದ್ದರು, ಹಾಗಾಗಿ ಅದರ ಚಿಕ್ಕ ಚಿಕ್ಕ ತುಣುಕುಗಳನ್ನಷ್ಟೇ ನಡೆದೆವು.

ಶುರು ಮಾಡಿದ್ದು ಆ ಕೊರುನ್ಯಾದ ಹರ್ಕ್ಯುಲಿಸ್ ಗೋಪುರದಿಂದ. ಕ್ರಿ.ಶ. 1ನೇ ಶತಮಾನದ ಕೊನೆ ಅಥವಾ 2ನೇ ಶತಮಾನದ ಆರಂಭದಲ್ಲಿ ರೋಮನ್ನರು ಕಟ್ಟಿದ ಲೈಟ್‌ಹೌಸ್ ಇದು. ಇವತ್ತಿಗೂ ರಾತ್ರಿ ಹಡಗುಗಳಿಗೆ ಬೆಳಕು ತೋರಿಸುತ್ತಿದೆ. 2009ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊರಗಿನಿಂದ ನೋಡಿದರೆ ಅಷ್ಟು ಹಳೆಯದು ಅನ್ನಿಸುವುದಿಲ್ಲ, ಯಾಕೆಂದರೆ ಹೊರಗೋಡೆ 18ನೇ ಶತಮಾನದ ಕೊನೆಯಲ್ಲಿ ಎಂಜಿನಿಯರ್ ಎಉಸ್ತಾಕಿಯೊ ಜಿಯಾನಿನಿ ಮಾಡಿಸಿದ ಹೊದಿಕೆ. ಒಟ್ಟು ಎತ್ತರ ಸುಮಾರು 55 ಮೀಟರ್. ಅದರಲ್ಲಿ ಕೆಳಗಿನ 34 ಮೀಟರ್‌ನಷ್ಟು ಒಳಮೈ ರೋಮನ್ನರದ್ದೇ. ಗೋಡೆ ಮೇಲೆ ಓರೆಯಾಗಿ ಸುತ್ತಿಕೊಂಡು ಹೋಗುವ ಒಂದು ಪಟ್ಟಿ ಕಾಣುತ್ತದೆ. ಅದು ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಲ್ಲ. ಮೊದಲು ಗೋಪುರದ ಹೊರಮೈ ಸುತ್ತ ಮೇಲಕ್ಕೆ ಹತ್ತುವ ಇಳಿಜಾರು ದಾರಿ ಇತ್ತು. ಜಿಯಾನಿನಿ ಆ ದಾರಿಯ ಗುರುತನ್ನು ಕಲ್ಲಿನಲ್ಲಿ ಉಳಿಸಿದ. ಹಳೆಯದನ್ನು ರಿಪೇರಿ ಮಾಡುವವನಿಗೆ ಅದರ ಬಗ್ಗೆ ಎಷ್ಟು ಗೌರವ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೆಟ್ಟಿಲು ಹತ್ತುವ ಮುಂಚೆ ಕೆಳಗೆ ಅಗೆದು ತೆರೆದಿಟ್ಟ ಅಡಿಪಾಯ ನೋಡಿ. ಹತ್ತಿರದಲ್ಲೇ ಕಾಪಾಡಿಟ್ಟಿರುವ ಒಂದು ಶಾಸನದಲ್ಲಿ ಕಟ್ಟಿದವನ ಹೆಸರಿದೆ: ಗಾಯಸ್ ಸೇವಿಯಸ್ ಲೂಪಸ್, ಐಮಿನಿಯಮ್ ಊರಿನವನು. ಐಮಿನಿಯಮ್ ಅಂದರೆ ಇಂದಿನ ಪೋರ್ಚುಗಲ್‌ನ ಕೋಯಿಂಬ್ರಾ. ಅಷ್ಟು ಹಿಂದಿನ ಒಬ್ಬ ಶಿಲ್ಪಿಯ ಹೆಸರು, ಊರು ಎರಡೂ ಉಳಿದಿರುವುದು ಸಣ್ಣ ವಿಷಯ ಅಲ್ಲ. ಮೇಲಕ್ಕೆ 234 ಮೆಟ್ಟಿಲು. ಅಮ್ಮ ಕೆಳಗೇ ಹುಲ್ಲಿನ ಮೇಲೆ ಕೂತರು. ಗೋಪುರ ಚೆನ್ನಾಗಿ ಕಾಣುವುದು ಕೆಳಗಿನಿಂದಲೇ ಅನ್ನುವುದು ಅವರ ವಾದ. ಒಪ್ಪಬೇಕಾದ ಮಾತು.

ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಕೊರ್ಮೆ ಊರು, ಅದರಾಚೆ ರೊಂಕುಡೊ ತುದಿ. ಇಲ್ಲಿನ ಬಂಡೆಗಳಿಗೆ ಪೆರ್ಸೆಬೆಸ್ ಎಂಬ ಕಡಲಜೀವಿ ಅಂಟಿಕೊಂಡಿರುತ್ತದೆ. ಸ್ಪೇನ್‌ನಲ್ಲಿ ಅದಕ್ಕೆ ತುಂಬಾ ಬೆಲೆ. ಅಲೆ ಜೋರಾಗಿ ಬಡಿಯುವ ಕಡೆಯೇ ಅದು ಚೆನ್ನಾಗಿ ಬೆಳೆಯುತ್ತದೆ. ಅದನ್ನು ಕೀಳುವವರು ಎರಡು ಅಲೆಗಳ ನಡುವೆ ಇಳಿದು, ಕಿತ್ತು, ಮೇಲಕ್ಕೆ ಓಡಬೇಕು. ರೊಂಕುಡೊ ಬಂಡೆಗಳ ಮೇಲೆ ನಿಲ್ಲಿಸಿರುವ ಬಿಳಿ ಶಿಲುಬೆಗಳು ಇಲ್ಲಿ ಕಡಲಿಗೆ ಜೀವ ಕೊಟ್ಟವರ ನೆನಪಿಗೆ. ಇದನ್ನು ತಿಳಿದು ನಿಂತರೆ ಅಲ್ಲಿ ಅಲೆ ಬಡಿಯುವ ಸದ್ದೇ ಬೇರೆ ಥರ ಕೇಳಿಸುತ್ತದೆ. ದಯವಿಟ್ಟು ಫೋಟೋಗೆ ಅಂತ ಆ ಬಂಡೆಗಳಿಗೆ ಇಳಿಯಬೇಡಿ.

ನನ್ನ ಮನಸ್ಸಲ್ಲಿ ಜಾಸ್ತಿ ಉಳಿದಿದ್ದು ಮುಂದಿನ ತುಣುಕು, ಕಮರಿನ್ಯಾಸ್ ಹತ್ತಿರದ ವಿಲಾನ್ ಭೂಶಿರ. 1890ರ ನವೆಂಬರ್ 10ರ ರಾತ್ರಿ ಬ್ರಿಟಿಷ್ ನೌಕಾಪಡೆಯ ಸರ್ಪೆಂಟ್ ಎಂಬ ಹಡಗು ಬಿರುಗಾಳಿಯಲ್ಲಿ ಇಲ್ಲಿನ ಬಂಡೆಗಳಿಗೆ ಬಡಿಯಿತು. ಪ್ಲಿಮತ್‌ನಿಂದ ಹೊರಟು ಆಫ್ರಿಕಾ ಕಡೆ ಹೋಗುತ್ತಿದ್ದ ಹಡಗು. 175 ಜನರಲ್ಲಿ ಬದುಕಿದ್ದು 3 ಮಂದಿ. ತೇಲಿ ಬಂದ ಹೆಣಗಳನ್ನು ಸುತ್ತಲ ಹಳ್ಳಿಗಳ ಜನರೇ ಎತ್ತಿ, ಕಡಲ ಪಕ್ಕದಲ್ಲೇ ಮಣ್ಣು ಮಾಡಿದರು. ಆ ಜಾಗಕ್ಕೆ ಇಂದು ಇಂಗ್ಲಿಷರ ಸ್ಮಶಾನ ಅನ್ನುತ್ತಾರೆ. ಹೋಗುವ ದಾರಿ ಮಣ್ಣಿನದು, ನಿಧಾನಕ್ಕೆ ಓಡಿಸಬೇಕು. ಒಳಗೆ ನೋಡಲು ಹೆಚ್ಚೇನಿಲ್ಲ, ತಗ್ಗಿನ ಕಲ್ಲುಗೋಡೆ ಅಷ್ಟೇ. ಕಡಲು ಮಾತ್ರ ತುಂಬಾ ಹತ್ತಿರ. ಬ್ರಿಟನ್ ಆಮೇಲೆ ಕೃತಜ್ಞತೆಗೆ ಕಮರಿನ್ಯಾಸ್ ಊರಿಗೆ ಒಂದು ವಾಯುಭಾರಮಾಪಕ ಕಳಿಸಿತು. ಮೀನುಗಾರರಿಗೆ ಬಿರುಗಾಳಿಯ ಸೂಚನೆ ಕೊಡುವ ಸಾಧನ ಅದು. ಆ ಊರಿಗೆ ಅದಕ್ಕಿಂತ ಉಪಯೋಗದ ಉಡುಗೊರೆ ಇರಲಿಲ್ಲ ಅನ್ನಿಸುತ್ತದೆ.

ಸ್ಮಶಾನ ನೋಡಿದ ಮೇಲೆಯೇ ವಿಲಾನ್ ಲೈಟ್‌ಹೌಸ್‌ಗೆ ಹೋಗಿ. ಈ ಕ್ರಮ ಮುಖ್ಯ. ಸರ್ಪೆಂಟ್ ಮುಳುಗಿದಾಗ ವಿಲಾನ್‌ನಲ್ಲಿ ಇದ್ದದ್ದು ಹಳೆಯ, ಮಂಕು ಬೆಳಕಿನ ದೀಪ. ಅಲ್ಲಿನ ಎತ್ತರದ ಬಂಡೆಯೇ ಅಡ್ಡ ಬಂದು ಕಡಲಿನ ಒಂದು ಭಾಗಕ್ಕೆ ಆ ಬೆಳಕು ಕಾಣುತ್ತಿರಲಿಲ್ಲ. ಆ ದುರಂತದ ನಂತರ ಹೊಸದನ್ನು ಅದೇ ಬಂಡೆಯ ಮೇಲೆ ಕಟ್ಟಿದರು. 1896ರಲ್ಲಿ ಬೆಳಗಿದ ಅದು ಸ್ಪೇನ್‌ನ ಮೊದಲ ವಿದ್ಯುತ್ ಲೈಟ್‌ಹೌಸ್. ದೀಪ ನೋಡಿಕೊಳ್ಳುವವರ ಮನೆ ಕೆಳಗಿದೆ, ಗೋಪುರ ಮೇಲಿದೆ. ಗಾಳಿಗೆ ಸಿಗದೆ ಹತ್ತಿ ಹೋಗಲಿ ಅಂತ ನಡುವೆ ಮುಚ್ಚಿದ ಓರೆ ದಾರಿ ಕಟ್ಟಿದ್ದಾರೆ. ಸಂಜೆ ಬೆಳಕಲ್ಲಿ ಕೆಂಪು ಬಂಡೆಯ ಮೇಲೆ ಎಂಟು ಮೂಲೆಯ ಗೋಪುರ ಚೆಂದ ಕಾಣುತ್ತದೆ. ಆದರೆ ಅದು ಯಾಕೆ ಅಲ್ಲೇ ನಿಂತಿದೆ ಅಂತ ಗೊತ್ತಿದ್ದರೆ ನೋಡುವ ರೀತಿಯೇ ಬೇರೆ.

ಕಮರಿನ್ಯಾಸ್‌ನಲ್ಲಿ ಮರದ ಪುಟ್ಟ ಕಡ್ಡಿಗಳಿಗೆ ನೂಲು ಸುತ್ತಿ ಲೇಸ್ ಹೆಣೆಯುವ ಹೆಂಗಸರಿದ್ದಾರೆ. ಅಮ್ಮ ಅಲ್ಲಿಂದ ಏಳಲೇ ಒಪ್ಪಲಿಲ್ಲ. ಭಾಷೆ ಇಲ್ಲದೆಯೇ ಒಬ್ಬ ಅಜ್ಜಿಯ ಜೊತೆ ಕೈಸನ್ನೆಯಲ್ಲಿ ಹೆಣಿಗೆ ಕಲಿಯುತ್ತಿದ್ದರು.

ಪಕ್ಕದ ಕಮೇಯೆ ಊರಲ್ಲಿ ಮಾನ್ ಎಂಬ ಜರ್ಮನ್ ಮನುಷ್ಯ ಇದ್ದ. ಪೂರ್ತಿ ಹೆಸರು ಮಾನ್‌ಫ್ರೆಡ್ ಗ್ನೇಡಿಂಗರ್. 1960ರ ದಶಕದಲ್ಲಿ ಬಂದವನು ಅಲ್ಲೇ ಉಳಿದ. ದಡದ ಗುಡಿಸಲಿನಲ್ಲಿದ್ದುಕೊಂಡು, ಕಡಲು ತಂದು ಹಾಕಿದ ವಸ್ತುಗಳಿಂದ, ಕಲ್ಲುಗಳಿಂದ ಶಿಲ್ಪಗಳನ್ನು ಮಾಡಿದ. 2002ರ ನವೆಂಬರ್‌ನಲ್ಲಿ 77,000 ಟನ್ ಇಂಧನ ತೈಲ ಹೊತ್ತಿದ್ದ ಪ್ರೆಸ್ಟೀಜ್ ಹಡಗು ಈ ಕರಾವಳಿಯಾಚೆ ಎರಡಾಗಿ ಮುರಿದು ಮುಳುಗಿತು. ಕಪ್ಪು ಎಣ್ಣೆ ಅವನ ಶಿಲ್ಪಗಳಿಗೂ ಮೆತ್ತಿತು. ಅದೇ ಡಿಸೆಂಬರ್ ಕೊನೆಯಲ್ಲಿ ಮಾನ್ ತೀರಿಕೊಂಡ. ದುಃಖದಿಂದಲೇ ಸತ್ತ ಅನ್ನುತ್ತಾರೆ ಅಲ್ಲಿನ ಜನ. ಅವನ ಕೆಲಸದಲ್ಲಿ ಉಳಿದದ್ದು ಇನ್ನೂ ದಡದಲ್ಲಿದೆ, ಊರಲ್ಲಿ ಅವನ ಮ್ಯೂಸಿಯಂ ಇದೆ. ಪ್ರವಾಸಿಗರು ಇದನ್ನು ಬಿಟ್ಟು ಹೋಗುವುದು ನನಗೆ ಬೇಜಾರು.

ಪ್ರೆಸ್ಟೀಜ್ ಕಥೆ ಮುಶಿಯಾದಲ್ಲಿ ಮುಂದುವರಿಯುತ್ತದೆ. ಅಲ್ಲಿ 11 ಮೀಟರ್ ಎತ್ತರದ, ನಡುವೆ ಸೀಳಿದ ಕಲ್ಲಿನ ಸ್ಮಾರಕ ಇದೆ. ಹೆಸರು ಗಾಯ. ಬಿಳಿ ಬಟ್ಟೆ ತೊಟ್ಟು, ದಡದ ಎಣ್ಣೆಯನ್ನು ಕೈಯಾರೆ ಬಳಿದು ತೆಗೆದ ಸಾವಿರಾರು ಸ್ವಯಂಸೇವಕರ ನೆನಪಿಗೆ ನಿಲ್ಲಿಸಿದ್ದು. ಅದರ ಕೆಳಗೆ, ಅಲೆಗಳ ಅಂಚಲ್ಲೇ ದೋಣಿ ಮಾತೆಯ ಚರ್ಚ್. ಕನ್ಯೆ ಮೇರಿ ಕಲ್ಲಿನ ದೋಣಿಯಲ್ಲಿ ಇಲ್ಲಿಗೆ ಬಂದಳಂತೆ. ದಡದ ಬಂಡೆಗಳಲ್ಲಿ ಒಂದು ಆ ದೋಣಿ, ಇನ್ನೊಂದು ಹಾಯಿ, ಮತ್ತೊಂದು ಚುಕ್ಕಾಣಿ ಅಂತ ನಂಬಿಕೆ. ಹಾಯಿ ಬಂಡೆಯ ಕೆಳಗೆ 9 ಸಲ ನುಸುಳಿದರೆ ಸೊಂಟನೋವು ಹೋಗುತ್ತದಂತೆ. "ಒಂದು ಸಲ ಬಗ್ಗೋಕೇ ಆಗಲ್ಲ, ಒಂಬತ್ತು ಸಲ ಎಲ್ಲಿಂದ ಬರಲಿ ಮಗಾ," ಅಂದರು ಅಮ್ಮ. ಬಂಡೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. 2013ರ ಕ್ರಿಸ್‌ಮಸ್ ದಿನವೇ ಸಿಡಿಲು ಬಡಿದು ಚರ್ಚ್‌ಗೆ ಬೆಂಕಿ ಹತ್ತಿತು ಎನ್ನುತ್ತಾರೆ. ಒಳಗಿನ ಹಳೆಯ ಕೆತ್ತನೆಯ ಪೂಜಾವೇದಿಕೆ ಸುಟ್ಟುಹೋಯಿತು. ಕಟ್ಟಡವನ್ನು ಮತ್ತೆ ಸರಿಮಾಡಿದ್ದಾರೆ.

ಸಮಯದ ಬಗ್ಗೆ ಒಂದಿಷ್ಟು. ಇಲ್ಲಿ ಎಲ್ಲವೂ ಪಶ್ಚಿಮಕ್ಕೆ ಮುಖ ಮಾಡಿವೆ, ಬೆಳಗ್ಗೆ ಮಂಜೂ ಇರುತ್ತದೆ. ಹಾಗಾಗಿ ಬೆಳಗ್ಗೆ ಊರು, ಚರ್ಚ್, ಮ್ಯೂಸಿಯಂ. ಸಂಜೆ ಭೂಶಿರಗಳು. ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ತುಂಬಾ ತಡ, ಜೂನ್ ಕೊನೆಗೆ ರಾತ್ರಿ ಹತ್ತು ದಾಟುತ್ತದೆ. ದಿನವೂ ಮೆಟಿಯೊಗಲಿಸಿಯಾ ಎಂಬ ಅಲ್ಲಿನ ಹವಾಮಾನ ಸಂಸ್ಥೆಯ ಮುನ್ಸೂಚನೆ ನೋಡುತ್ತಿದ್ದೆ. ಬೇಸಿಗೆಯಲ್ಲಿ ಈಶಾನ್ಯದ ಗಾಳಿ ಬೀಸಿದರೆ ಸಾಮಾನ್ಯವಾಗಿ ಆಕಾಶ ತಿಳಿ. ನೈಋತ್ಯದಿಂದ ಬೀಸಿದರೆ ಮೋಡ, ಮಳೆ. ಅಂಥ ದಿನ ಒಳನಾಡಿಗೆ ತಿರುಗಿ ದೊಂಬಾತೆಯ ಡಾಲ್ಮೆನ್ ನೋಡಬಹುದು. ಕ್ರಿ.ಪೂ. 4ನೇ ಸಹಸ್ರಮಾನದ ಕಲ್ಲಿನ ಗೋರಿ. ಮೇಲೆ ಸೂರು ಕಟ್ಟಿ ಕಾಪಾಡಿದ್ದಾರೆ, ಮಳೆಗೂ ತೊಂದರೆ ಇಲ್ಲ.

ಊಟ ಕಷ್ಟವೇ. ಪೂರ್ತಿ ಮೀನಿನ ನಾಡು. "ಮಾಂಸ ಬೇಡ" ಅಂದರೆ ಸಾಲದು, "ಹಂದಿ ತೊಡೆಮಾಂಸವೂ ಬೇಡ, ಮೀನೂ ಬೇಡ" ಅಂತ ಬಿಡಿಸಿ ಹೇಳಬೇಕು. ಸೊಪ್ಪು ಹಾಕಿದ ಸಾರು ಸಸ್ಯಾಹಾರಿ ಥರ ಕಾಣುತ್ತದೆ, ಆದರೆ ಅದಕ್ಕೆ ಹಂದಿ ಕೊಬ್ಬು ಹಾಕುವ ರೂಢಿ ಇದೆ. ಅಮ್ಮನಿಗೆ ಆಗಿಬಂದಿದ್ದು ಪಾದ್ರೋನ್ ಹಸಿಮೆಣಸು. ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿ ಕೊಡುತ್ತಾರೆ. ಜೊತೆಗೆ ದಪ್ಪ ಬ್ರೆಡ್, ತೆತಿಯಾ ಚೀಸ್, ಆಲೂಗಡ್ಡೆ. ರಾತ್ರಿ ಅಡುಗೆಮನೆ ತೆರೆಯುವುದೇ ಎಂಟೂವರೆ, ಒಂಬತ್ತಕ್ಕೆ. ವಯಸ್ಸಾದವರು ಜೊತೆಗಿದ್ದರೆ ಅಡುಗೆ ಮಾಡಿಕೊಳ್ಳುವ ಮನೆ ಹಿಡಿಯುವುದೇ ವಾಸಿ. ನಾವು ಹಾಗೇ ಮಾಡಿದ್ದು.

ಫಿಸ್ತೆರ್ರಾ ಅಂದರೆ ಭೂಮಿಯ ಕೊನೆ ಅಂತ ರೋಮನ್ನರ ಕಾಲದ ನಂಬಿಕೆ. ನಿಜಕ್ಕೂ ಸ್ಪೇನ್ ಮುಖ್ಯಭೂಮಿಯ ಅತಿ ಪಶ್ಚಿಮದ ತುದಿ ಅದಲ್ಲ, ಅದರ ಉತ್ತರಕ್ಕಿರುವ ಟೌರಿನ್ಯಾನ್. ಅಲ್ಲಿ ಜನ ಕಡಿಮೆ. ನನಗೆ ಫಿಸ್ತೆರ್ರಾಗಿಂತ ಅದೇ ಇಷ್ಟ. ಫಿಸ್ತೆರ್ರಾ ಲೈಟ್‌ಹೌಸ್ 1853ರದ್ದು. ಸಾಂತಿಯಾಗೊದಿಂದ ನಡೆದು ಬಂದ ಯಾತ್ರಿಕರು 0 ಕಿಲೋಮೀಟರ್ ಕಲ್ಲಿನ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಭೂಶಿರದಾಚೆ 1870ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಯುದ್ಧನೌಕೆ ಕ್ಯಾಪ್ಟನ್ ಮಗುಚಿ ಸುಮಾರು 480 ಜನ ಸತ್ತರು. ಬಂಡೆಗಳಲ್ಲಿ ಬಟ್ಟೆ, ಬೂಟು ಸುಟ್ಟ ಕರಿ ಗುರುತುಗಳು ಕಾಣುತ್ತವೆ. ಯಾತ್ರೆ ಮುಗಿದ ಮೇಲೆ ಹಾಗೆ ಸುಡುವ ಅಭ್ಯಾಸ ಬೆಳೆದಿತ್ತು. ಒಣಹುಲ್ಲಿನ ಗುಡ್ಡ ಅದು, ಬೆಂಕಿ ಹಚ್ಚಬಾರದು. ದಾರಿ ಬದಿಯ ಇಳಿಜಾರಲ್ಲಿ ಸೆಸಾರ್ ಪೋರ್ತೆಲಾ ಎಂಬ ವಾಸ್ತುಶಿಲ್ಪಿ ಮಾಡಿದ ಸ್ಮಶಾನವನ್ನು ತಪ್ಪಿಸಬೇಡಿ. ಕಡಲಿಗೆ ಮುಖ ಮಾಡಿದ ಕಲ್ಲಿನ ಪೆಟ್ಟಿಗೆಗಳಂಥ ಕೋಣೆಗಳು. ಅಲ್ಲಿ ಯಾರನ್ನೂ ಹೂಳಲೇ ಇಲ್ಲ.

ಕೊನೆಗೆ ದಕ್ಷಿಣಕ್ಕೆ ಎಸಾರೊ. ಶಾಯಾಸ್ ನದಿ ಬಂಡೆಯಿಂದ ಧುಮುಕಿ ಅಲ್ಲೇ ಕಡಲು ಸೇರುತ್ತದೆ. ಮೇಲೆ ವಿದ್ಯುತ್ತಿಗೆ ಕಟ್ಟಿದ ಅಣೆಕಟ್ಟು ಇದೆ. ನೀರು ಎಷ್ಟು ಬೀಳುತ್ತದೆ ಅನ್ನುವುದು ಅವರು ಬಿಡುವುದರ ಮೇಲೆ ನಿಂತಿದೆ. ಮೇಲಿನ ವ್ಯೂಪಾಯಿಂಟ್‌ಗೆ ಹತ್ತುವ ರಸ್ತೆ ಕೆಲವು ಕಡೆ 30% ತನಕ ಕಡಿದು. 2012ರ ವುವೆಲ್ತಾ ಸೈಕಲ್ ರೇಸ್‌ನ ಒಂದು ಹಂತ ಇಲ್ಲೇ ಮುಗಿದಿತ್ತು. ಕಾರಲ್ಲಾದರೆ ಮೊದಲ ಗೇರ್ ಬಿಡಬೇಡಿ.

ಹತ್ತಿರದ ಕರ್ನೋಟಾದಲ್ಲಿ 18ನೇ ಶತಮಾನದ ಉದ್ದನೆಯ ಕಲ್ಲಿನ ಒರ್ರಿಯೊ ಇದೆ, ಸುಮಾರು 35 ಮೀಟರ್. ನಮ್ಮ ಕಣಜದ ಹಾಗೆ ಕಾಳು ಕಾಪಾಡುವ ಕಟ್ಟಡ, ಆದರೆ ಕಂಬಗಳ ಮೇಲೆ ನಿಂತಿದೆ. ಕಂಬದ ತಲೆಗೆ ಅಗಲ ಕಲ್ಲು ಇಟ್ಟಿರುವುದು ಇಲಿ ಹತ್ತದಿರಲಿ ಅಂತ. ಅಮ್ಮ ಅದರ ಕೆಳಗೆ ನಿಂತು, ತೇವ ಆರಿ ಗಾಳಿಯಾಡಲು ಬಿಟ್ಟ ಸಂದುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಅಲ್ಲಿಂದ ಸಾಂತಿಯಾಗೊ ಹತ್ತಿರವೇ. ಕಾರನ್ನು ಅಲ್ಲೇ ಹಿಂದಿರುಗಿಸುವ ಹಾಗೆ ಮೊದಲೇ ಬುಕ್ ಮಾಡಿದರೆ ಬಂದ ದಾರಿಯಲ್ಲೇ ಆ ಕೊರುನ್ಯಾಗೆ ಮರಳುವ ಅಗತ್ಯ ಇರುವುದಿಲ್ಲ.