ಹುಣಸೆ ಬೀಜದ ಇಲಿಗಳು, ಕಾಲುಚೀಲದ ಬೆಕ್ಕು

ಭಾನುವಾರ ಬೆಳಗ್ಗೆ ನಮ್ಮ ಬೀದಿ ಮಕ್ಕಳಿಗೆ ಜಗಲಿ ಮೇಲೆ ಕೂರಿಸ್ಕೊಂಡು ಕಥೆ ಹೇಳ್ತೀನಿ, ಹತ್ತು ಹನ್ನೆರಡು ಜನ ಬರ್ತಾರೆ, ಎಲ್ಲಾ 4ರಿಂದ 8 ವರ್ಷದೋರು. ಯಾವ ಕಥೆ ಬೇಕ್ರೋ ಅಂದ್ರೆ ಅರ್ಧ ಜನ ಬೆಕ್ಕಿಂದು ಅಂತಾರೆ. ತೆನಾಲಿ ರಾಮನ ಬೆಕ್ಕು ಬಿಸಿ ಹಾಲಿಗೆ ಬಾಯಿ ಸುಟ್ಕೊಂಡಿದ್ದನ್ನ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಆದ್ರೆ ನಂಗೆ ತುಂಬಾ ಇಷ್ಟದ್ದು, ಹೇಳೋಕೆ ಕಲಿಯೋಕೂ ತುಂಬಾ ದಿನ ಹಿಡಿದಿದ್ದು, ತಪಸ್ಸು ಮಾಡೋ ಬೆಕ್ಕಿನ ಕಥೆ.

ಇದು ಮಹಾಭಾರತದ ಉದ್ಯೋಗಪರ್ವದಲ್ಲಿ ಬರುತ್ತೆ, ಯುದ್ಧಕ್ಕೆ ಮುಂಚೆ ದುರ್ಯೋಧನ ಉಲೂಕನ ಕೈಲಿ ಧರ್ಮರಾಯನಿಗೆ ಹೇಳಿ ಕಳಿಸ್ತಾನಲ್ಲ, ನೀನೂ ಆ ಬೆಕ್ಕಿನ ಥರಾನೇ ಅಂತ ಹಂಗಿಸೋಕೆ, ಅಲ್ಲಿ. ಗಂಗೆ ದಡದಲ್ಲಿ ಒಂದು ಬೆಕ್ಕು ಕೈ ಮೇಲೆತ್ತಿ ನಿಲ್ಲುತ್ತೆ, ಇಲಿಗಳು ನಂಬಿ ನಮ್ಮನ್ನ ಕಾಪಾಡಪ್ಪಾ ಅಂತಾವೆ, ಅದು ತಪಸ್ಸು ಮಾಡಿ ಸುಸ್ತಾಗಿದೀನಿ ದಿನಾ ನದಿ ತನಕ ಕರ್ಕೊಂಡು ಹೋಗಿ ಅನ್ನುತ್ತೆ, ಅಲ್ಲಿಂದಾಚೆ ಬೆಕ್ಕು ದಪ್ಪ ಆಗ್ತಾ ಹೋಗುತ್ತೆ, ಇಲಿಗಳು ಕಮ್ಮಿ ಆಗ್ತಾ ಹೋಗ್ತಾವೆ.

ಮೊದಲ್ನೇ ಸಲ ನಾನು "ಒಂದು ಕಳ್ಳ ಬೆಕ್ಕಿತ್ತಂತೆ" ಅಂತಾನೇ ಶುರು ಮಾಡ್ಬಿಟ್ಟೆ. ಮಕ್ಕಳಿಗೆ ಕಂಡುಹಿಡಿಯೋಕೆ ಏನೂ ಉಳೀಲಿಲ್ಲ, ಐದು ನಿಮಿಷಕ್ಕೆ ಒಬ್ಬೊಬ್ಬರೇ ಎದ್ದು ಹೋದ್ರು.

ಈಗ ಹಂಗೆ ಮಾಡಲ್ಲ. ಹಳೇ ಬಿಳಿ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಕಣ್ಣು ಮಾಡಿದೀನಿ, ಅದೇ ಬೆಕ್ಕು. ಹತ್ತು ಹುಣಸೆ ಬೀಜ ಸಾಲಾಗಿ ಇಡ್ತೀನಿ, ಅವು ಇಲಿ. ಬೆಕ್ಕಿನ ದನಿ ತುಂಬಾ ಮೆತ್ತಗೆ, ತಾತ ಪೂಜೆ ಮುಗಿಸಿ ಮಾತಾಡಿದ ಹಾಗೆ, ಅದು ನಿಜವಾಗ್ಲೂ ಒಳ್ಳೇದು ಅಂತ ನಂಬಿಕೊಂಡೇ ಹೇಳ್ಬೇಕು, ನಮ್ಮ ಮುಖದಲ್ಲಿ ಒಂಚೂರು ನಗು ಬಂದ್ರೂ ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ಒಂದೊಂದು ಸಲ ನದಿಗೆ ಹೋಗಿ ಬಂದಾಗ್ಲೂ ಒಂದು ಬೀಜ ಸುಮ್ನೆ ಕಾಲುಚೀಲದ ಬಾಯೊಳಗೆ ಜಾರಿಸ್ತೀನಿ, ಬಾಯಲ್ಲಿ ಮಾತ್ರ ಅದರ ಬಗ್ಗೆ ಒಂದು ಮಾತೂ ಆಡಲ್ಲ. ನಡುವೆ ನಾನೇ ಕಟ್ಟಿದ ಪದ ಹಾಡ್ತೀವಿ, "ಕೈಯ ಮೇಲೆ, ಕಣ್ಣ ಮುಚ್ಚು, ಇಲೀ ಮರೀ ಹತ್ರ ಬಾ". ಎಲ್ರೂ ಒಂಟಿ ಕಾಲಲ್ಲಿ ನಿಂತು ಹಾಡೋದು.

ಮೂಲದಲ್ಲಿ ಮುದಿ ಇಲಿ ಒಂದು ಪಾಯಿಂಟ್ ಹಿಡಿಯುತ್ತೆ, ಗೆಡ್ಡೆ ಗೆಣಸು ಹಣ್ಣು ತಿನ್ನೋನ ಕಕ್ಕದಲ್ಲಿ ಕೂದಲು ಹೆಂಗೆ ಬಂತು ಅಂತ. ಇದನ್ನ ಬಿಡ್ಬೇಡಿ! ಮಕ್ಕಳು ಬಿದ್ದು ಬಿದ್ದು ನಗ್ತಾವೆ, ಆದ್ರೆ ಆ ಲೆಕ್ಕ ಮಾತ್ರ ಮರೆಯಲ್ಲ.

ಕಥೆ ಆದ್ಮೇಲೆ ಮಹಾಬಲಿಪುರದ ಫೋಟೋ ತೋರಿಸ್ತೀನಿ, 7ನೇ ಶತಮಾನದ ಆ ದೊಡ್ಡ ಬಂಡೆ ಕೆತ್ತನೆಯಲ್ಲಿ ಆನೆಗಳ ಹತ್ರ ಒಂದು ಬೆಕ್ಕು ಥೇಟ್ ಹಿಂಗೇ ಕೈ ಎತ್ತಿ ನಿಂತಿದೆ, ಸುತ್ತ ಇಲಿಗಳು. ಆನೆ ನೋಡಿ ಮುಂದೆ ಹೋಗೋರಿಗೆ ಅದು ಕಾಣೋದೇ ಇಲ್ಲ.

ದೊಡ್ಡ ಮಕ್ಕಳು ಸಿನಿಮಾದ ಬೂಟಿನ ಬೆಕ್ಕನ್ನ ಎಳೆದು ತರ್ತಾರೆ, ಅದೇ ಸುಳ್ಳು ಹೇಳಿ ಹೇಳಿ ಬಡ ಯಜಮಾನನ್ನ ಸಾಹುಕಾರ ಮಾಡೋ ಪುಸ್ ಇನ್ ಬೂಟ್ಸ್. ಆ ಬೂಟು ಫ್ರಾನ್ಸಿನ ಕಥೆಗಾರ ಪೆರೋ 1697ರಲ್ಲಿ ಹಾಕಿಸಿದ್ದು, ಅದಕ್ಕೂ ಮುಂಚೆ ಇಟಲಿಯ ಸ್ಟ್ರಾಪರೋಲಾ ಬರೆದ ಕಥೆಯಲ್ಲಿ ಅದು ಹೆಣ್ಣು ಬೆಕ್ಕು, ಬರಿಗಾಲು ಅಂದ್ರೆ ಹುಡುಗೀರಿಗೆ ಭಾರೀ ಖುಷಿ. ಅದೂ ಸುಳ್ಳೇ ಹೇಳುತ್ತಲ್ಲ ಅಕ್ಕಾ, ಅದಕ್ಕೆ ಯಾಕೆ ಚಪ್ಪಾಳೆ, ಅಂತ ಒಬ್ಬಳು ಕೇಳಿದ್ಲು, ಆವತ್ತು ಅರ್ಧ ಗಂಟೆ ಅದೇ ಜಗಳ.

ಹೋದ ತಿಂಗಳು ಬೀಜದ ಸಾಲು ಐದಕ್ಕೆ ಇಳಿದಾಗ ಐದು ವರ್ಷದ ಹುಡುಗನೊಬ್ಬ ತಟ್ಟನೆ ಎದ್ದು ಬಂದು ಐದನ್ನೂ ಬಾಚಿ ಮುಷ್ಟಿಯಲ್ಲಿ ಬಿಗಿ ಹಿಡ್ಕೊಂಡ. "ಇವು ನಿಮ್ಮತ್ರ ಬೇಡ." ನಾನು ಬೆಕ್ಕಿನ ದನೀಲಿ ಎಷ್ಟು ಬೇಡಿದ್ರೂ ಕೊಡ್ಲಿಲ್ಲ, ಚಡ್ಡಿ ಜೇಬಿಗೆ ಹಾಕ್ಕೊಂಡು ಮನೆಗೆ ಹೋದ. ಮುಂದಿನ ಭಾನುವಾರ ಜೇಬು ತಟ್ಟಿ ತೋರಿಸ್ದ, ಐದೂ ಇತ್ತು.