ಹಳೆಯ ಬಾಗಲಕೋಟೆಯ ಫೋಟೊಗಳು: ಸ್ಕ್ಯಾನ್ ಮಾಡಿದ ಮೇಲೆ ಏನು?

ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯ ಓಣಿಗಳು ಇಂದು ನವನಗರದ ಮನೆಗಳ ಆಲ್ಬಮ್‌ಗಳಲ್ಲಷ್ಟೇ ಇವೆ. ಅಂಥ ಫೋಟೊಗಳನ್ನು ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕಿಗೆ ತುಂಬಿದರೆ ಕೆಲಸ ಮುಗಿಯಿತೆಂದು ಅನೇಕ ಸಂಘಸಂಸ್ಥೆಗಳು ತಿಳಿಯುತ್ತವೆ. ಈ ಕಡತ ಮೂಲದ್ದೇ, ನಡುವೆ ಯಾರಾದರೂ ತಿದ್ದಿದ್ದಾರೆಯೇ ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಬೇಕಲ್ಲ? ಆ ಉತ್ತರವೇ ಸಂರಕ್ಷಣಾ ಮೆಟಾಡೇಟಾ, ಅಂದರೆ ಕಡತ ಹೇಗೆ ಹುಟ್ಟಿತು, ಆಮೇಲೆ ಅದಕ್ಕೆ ಏನೇನಾಯಿತು ಎಂಬ ದಾಖಲೆ. ಅದಕ್ಕೆ 2005ರಲ್ಲಿ ಬಂದ ಮಾನದಂಡ ಪ್ರೆಮಿಸ್. ಮೂರನೆಯ ಆವೃತ್ತಿ 2015ರದು. ದುಬಾರಿ ತಂತ್ರಾಂಶವೇ ಬೇಕೆಂದೇನೂ ಇಲ್ಲ, ಆರಂಭಕ್ಕೆ ಎಕ್ಸೆಲ್ ಹಾಳೆ ಸಾಕು.

ಸ್ಕ್ಯಾನ್ ಮುಗಿದೊಡನೆ, ಅಂಚು ಕತ್ತರಿಸುವ ಮೊದಲೇ, ಕಡತದ ಚೆಕ್‌ಸಮ್ ತೆಗೆಯಿರಿ, ಅಂದರೆ ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಶಾ256ಸಮ್ ಎಂಬ ಆದೇಶಗಳು ಉಚಿತವಾಗಿಯೇ ಇವೆ. ಸರ್ಟ್‌ಯುಟಿಲ್‌ಗೆ ಶಾ256 ಎಂದು ಸೂಚಿಸಿದರೆ ಎರಡರಲ್ಲೂ ಬರುವುದು 64 ಅಕ್ಷರಗಳ ಸಾಲು. ಕಡತದ ಹೆಸರು ಬದಲಿಸಿದರೆ ಅದು ಬದಲಾಗುವುದಿಲ್ಲ. ಒಳಗಿನ ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ.

ನಂತರ ಡ್ರಾಯ್ಡ್ ತಂತ್ರಾಂಶದಿಂದ ಕಡತದ ಸ್ವರೂಪ (ಟಿಫ್, ಜೆಪೆಗ್ ಇತ್ಯಾದಿ) ಗುರುತಿಸಿ, ಸ್ವರೂಪಗಳ ಪಟ್ಟಿಯಾದ ಪ್ರೊನೊಮ್‌ನಲ್ಲಿ ಅದಕ್ಕಿರುವ ಸಂಖ್ಯೆ ಬರೆದುಕೊಳ್ಳಿ. ಟಿಫ್ ಕಡತಕ್ಕೆ ಅದು ಎಫ್‌ಎಂಟಿ/353.

ಮುಂದಿನದು ಬೇಸರದ ಕೆಲಸ, ಆದರೆ ಪ್ರೆಮಿಸ್‌ನ ಜೀವಾಳವೇ ಇದು: ಘಟನೆಗಳ ದಾಖಲೆ. ಸ್ಕ್ಯಾನ್, ವೈರಸ್ ತಪಾಸಣೆ, ಸ್ವರೂಪ ಬದಲಾವಣೆ, ಪ್ರತಿಯೊಂದಕ್ಕೂ ಒಂದು ಸಾಲು. ಏನು ಮಾಡಿದಿರಿ, ಯಾವಾಗ, ಯಾರು, ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿಯಿಂದ, ಫಲಿತಾಂಶವೇನು? ದಿನಾಂಕವನ್ನು 2024-03-05 ಎಂಬಂತೆ ವರ್ಷದಿಂದ ಬರೆಯಿರಿ. 5/3 ಎಂದರೆ ಮಾರ್ಚೋ ಮೇ ತಿಂಗಳೋ ಎಂಬ ಜಗಳ ತಪ್ಪುತ್ತದೆ. ಟಿಫ್‌ನಿಂದ ಜೆಪೆಗ್ ಮಾಡಿದರೆ ಅದು ಹೊಸ ವಸ್ತು. ಅದಕ್ಕೆ ಬೇರೆ ಗುರುತು, ಬೇರೆ ಚೆಕ್‌ಸಮ್ ಕೊಟ್ಟು, ಯಾವುದರಿಂದ ಹುಟ್ಟಿತೆಂದು ನಮೂದಿಸಿ. ಫೋಟೊ ಕೊಟ್ಟವರು ಏನೇನಕ್ಕೆ ಒಪ್ಪಿದ್ದಾರೆ ಎಂಬುದೂ ಇರಲಿ.

ಚಿತ್ರದಲ್ಲಿ ಏನಿದೆ ಎಂಬ ವಿವರಣೆಗೆ ಪ್ರೆಮಿಸ್ ಅಲ್ಲ, ಶೀರ್ಷಿಕೆ, ದಿನಾಂಕದಂಥ 15 ಅಂಶಗಳ ಡಬ್ಲಿನ್ ಕೋರ್ ಮಾನದಂಡ ಬಳಸಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಫೋಟೊದ ಹಿಂದೆ ‘ಬಿಜಾಪುರ ಜಿಲ್ಲೆ’ ಎಂದಿದ್ದರೆ ದಯವಿಟ್ಟು ತಿದ್ದಬೇಡಿ. ಇದ್ದಂತೆಯೇ ನಕಲಿಸಿ, ಇಂದಿನ ಹೆಸರನ್ನು ಪಕ್ಕದಲ್ಲಿ ಸೇರಿಸಿ.

ಕೊನೆಗೆ ಕಡತಗಳನ್ನೂ ಚೆಕ್‌ಸಮ್ ಪಟ್ಟಿಯನ್ನೂ ಬ್ಯಾಗಿಟ್ ವಿಧಾನದಲ್ಲಿ ಒಟ್ಟಿಗೆ ಕಟ್ಟಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡಿ. ವರ್ಷಕ್ಕೊಮ್ಮೆಯಾದರೂ ಚೆಕ್‌ಸಮ್ ತಾಳೆ ನೋಡಿ. ತಾಳೆಯಾಗದಿದ್ದರೆ ಸರಿಯಿರುವ ಪ್ರತಿಯಿಂದ ಕಡತ ಮರಳಿ ತನ್ನಿ, ಹಾಗೆ ತಂದದ್ದನ್ನೂ ಘಟನೆಯ ಸಾಲಿಗೆ ಸೇರಿಸಿ.