ಆಂಪ್‌ನ ವ್ಯಾಟ್ ಬೇಡ, ಫ್ಯೂಸ್ ನೋಡಿ: ಕಾರಿಗೆ ಆಂಪ್ಲಿಫೈಯರ್ ಆರಿಸಿ ಕೂರಿಸಿದ ಅನುಭವ

ಅಂಗಡಿಯಲ್ಲಿ ಆಂಪ್ ಕೈಗೆ ಬಂದ ತಕ್ಷಣ ಅದನ್ನು ತಿರುಗಿಸಿ, ಪವರ್ ಟರ್ಮಿನಲ್ ಪಕ್ಕದ ಫ್ಯೂಸ್ ನೋಡುತ್ತೇನೆ. ಡಬ್ಬದ ಮೇಲೆ 2400 ವ್ಯಾಟ್ ಎಂದು ಬರೆದಿದ್ದು, ಅಲ್ಲಿ 20 ಆಂಪಿಯರಿನ ಎರಡೇ ಫ್ಯೂಸ್ ಇದ್ದರೆ ಸತ್ಯ ಗೊತ್ತಾಯಿತು. 40ನ್ನು 13.8 ವೋಲ್ಟಿನಿಂದ ಗುಣಿಸಿದರೆ 552 ವ್ಯಾಟ್. ಬ್ಯಾಟರಿಯಿಂದ ಅದು ನಿರಂತರವಾಗಿ ಎಳೆಯಬಲ್ಲದ್ದೇ ಅಷ್ಟು. ಕ್ಲಾಸ್ ಎಬಿ ಬಗೆಯ ಆಂಪ್ ಆದರೆ ಅದರಲ್ಲಿ ಸುಮಾರು 60% ಸ್ಪೀಕರಿಗೆ ಹೋಗುತ್ತದೆ, ಉಳಿದದ್ದು ಶಾಖ. ಕ್ಲಾಸ್ ಡಿ ಆದರೆ 80%. ಹೀಗಾಗಿ 330ರಿಂದ 440 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ ನಿಜವಾದ ಪವರ್), ಅದೂ ಎಲ್ಲ ಚಾನಲ್ ಸೇರಿ. ಕರಪತ್ರದಲ್ಲಿ ಸಿಟಿಎ-2006 ರೇಟಿಂಗ್ ಇದ್ದರೆ ಆ ಅಂಕಿಯನ್ನು ನಂಬಬಹುದು. 14.4 ವೋಲ್ಟ್, 4 ಓಮ್ (ಸ್ಪೀಕರ್ ಒಡ್ಡುವ ತಡೆ), 1% ಮೀರದ ಡಿಸ್ಟಾರ್ಷನ್ ಎಂಬ ಒಂದೇ ಅಳತೆಗೋಲಿನಲ್ಲಿ ತೂಗಿದ ಅಂಕಿ ಅದು.

ನಾನು ಕೂರಿಸಿದ್ದು ಸಣ್ಣ ಹ್ಯಾಚ್‌ಬ್ಯಾಕಿನಲ್ಲಿ. ಕಂಪನಿಯ ಟಚ್‌ಸ್ಕ್ರೀನ್ ಹಾಗೇ ಇರಬೇಕು, ಮುಂದಿನ ಬಾಗಿಲುಗಳಿಗೆ 70 ವ್ಯಾಟ್ ಆರ್‌ಎಂಎಸ್‌ನ ಆರೂವರೆ ಇಂಚಿನ ಕಂಪೋನೆಂಟ್ (ತೀಕ್ಷ್ಣ ಸ್ವರದ ಟ್ವೀಟರ್ ಬೇರೆಯಾಗಿ ಬರುವ ಸ್ಪೀಕರ್ ಸೆಟ್), ಡಿಕ್ಕಿಯಲ್ಲಿ 250 ವ್ಯಾಟ್ ಆರ್‌ಎಂಎಸ್‌ನ 10 ಇಂಚಿನ ವೂಫರ್, ಅಂದರೆ ಬೇಸ್ ಸ್ಪೀಕರ್. ಹಿಂದಿನ ಬಾಗಿಲ ಸ್ಪೀಕರುಗಳನ್ನು ಸ್ಟೀರಿಯೊಗೇ ಬಿಟ್ಟೆ. ಹಾಡು ಎದುರಿನಿಂದ ಕೇಳಬೇಕು, ಹಿಂದಿನವಕ್ಕೆ ಆಂಪ್ ದುಡ್ಡು ಸುರಿಯುವುದು ದಂಡ. ಇಷ್ಟಕ್ಕೆ 4 ಚಾನಲ್ ಕ್ಲಾಸ್ ಡಿ ಆಂಪ್ ಒಂದೇ ಸಾಕು. 4 ಓಮಿಗೆ ಚಾನಲ್ಲೊಂದಕ್ಕೆ 75 ವ್ಯಾಟ್, ಎರಡನ್ನು ಬ್ರಿಜ್ ಮಾಡಿದರೆ (ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ) 4 ಓಮಿಗೆ 200 ವ್ಯಾಟ್. ಸ್ಪೀಕರಿನ ಆರ್‌ಎಂಎಸ್‌ನ 80%ರಿಂದ 130%ರೊಳಗೆ ಆಂಪ್ ಇದ್ದರೆ ಚೆನ್ನ.

ಜನ ಹೆಚ್ಚು ಎಡವುವುದು ಓಮ್ ವಿಷಯದಲ್ಲಿ. ವೂಫರ್ ಇಷ್ಟಪಟ್ಟು ಕೊಂಡುಬಿಡುತ್ತಾರೆ, ಆಮೇಲೆ ಆಂಪ್ ಹುಡುಕುತ್ತಾರೆ. ಬ್ರಿಜ್ ಮಾಡಿದಾಗ ಪ್ರತಿ ಚಾನಲ್ಲಿಗೂ ಅರ್ಧ ಲೋಡ್ ಮಾತ್ರ ಕಾಣಿಸುತ್ತದೆ. 4 ಓಮ್ ಹಾಕಿದರೆ ಒಂದೊಂದಕ್ಕೂ 2 ಓಮ್. ಅದಕ್ಕೇ ಬಹುತೇಕ 4 ಚಾನಲ್ ಆಂಪ್‌ಗಳಲ್ಲಿ ಬ್ರಿಜ್‌ಗೆ ಕನಿಷ್ಠ 4 ಓಮ್ ಎಂದು ಬರೆದಿರುತ್ತದೆ. 4+4 ಓಮಿನ ಡಬಲ್ ಕಾಯಿಲ್ ವೂಫರ್ ಪ್ಯಾರಲಲ್‌ನಲ್ಲಿ 2 ಓಮ್: ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತದೆ (ತನ್ನನ್ನು ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ), ಇಲ್ಲವೇ ಸುಡುತ್ತದೆ. ಸೀರೀಸ್‌ನಲ್ಲಿ 8 ಓಮ್: ಪವರ್ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಾನು 2+2 ಓಮಿನದನ್ನು ತೆಗೆದುಕೊಂಡು ಸೀರೀಸ್ ಮಾಡಿದೆ, ಸರಿಯಾಗಿ 4 ಓಮ್. ಅದೇ 4+4 ವೂಫರ್, 2 ಓಮ್ ತಾಳುವ ಮೋನೋ (ಒಂದೇ ಚಾನಲ್ಲಿನ) ಆಂಪಿಗೆ ಒಳ್ಳೆಯ ಜೋಡಿ.

ಸೀರೀಸ್ ಮಾಡುವಾಗ ಒಂದು ಕಾಯಿಲಿನ ಮೈನಸ್ ಇನ್ನೊಂದರ ಪ್ಲಸ್‌ಗೆ ಸೇರಬೇಕು. ಮಲ್ಟಿಮೀಟರ್ ಇಟ್ಟರೆ 4 ಓಮ್ ಜೋಡಣೆ 3.2ರಿಂದ 3.6 ತೋರಿಸುತ್ತದೆ, ಅದು ಕಾಯಿಲಿನ ಡಿಸಿ ರೆಸಿಸ್ಟೆನ್ಸ್, ಗಾಬರಿ ಬೇಡ. ಆದರೆ ಒಂದು ಕಾಯಿಲ್ ಉಲ್ಟಾ ಆಗಿದ್ದರೂ ಮೀಟರ್ ಇದನ್ನೇ ತೋರಿಸುತ್ತದೆ. ಒಂದೂವರೆ ವೋಲ್ಟಿನ ಸೆಲ್ಲನ್ನು ವೈರಿಗೆ ಒಂದು ಕ್ಷಣ ತಾಗಿಸಿ ನೋಡಿ: ಪ್ಲಸ್‌ಗೆ ಪ್ಲಸ್ ಇಟ್ಟಾಗ ಕೋನ್ ಹೊರಕ್ಕೆ ಜಿಗಿದರೆ ಸರಿ, ಅಲುಗದೇ ಇದ್ದರೆ ಎರಡು ಕಾಯಿಲುಗಳು ಒಂದಕ್ಕೊಂದು ವಿರುದ್ಧವಾಗಿ ಎಳೆಯುತ್ತಿವೆ.

ಇನ್ನು ಕರೆಂಟು. ಮುಂದಿನ ಎರಡಕ್ಕೆ 150, ವೂಫರಿಗೆ 200, ಒಟ್ಟು 350 ವ್ಯಾಟ್. 0.8ರಿಂದ ಭಾಗಿಸಿ, 13.8ರಿಂದ ಇನ್ನೊಮ್ಮೆ ಭಾಗಿಸಿದರೆ ಸುಮಾರು 32 ಆಂಪಿಯರ್. ಹಾಡಿನ ಸರಾಸರಿ ಇದಕ್ಕಿಂತ ಬಹಳ ಕಡಿಮೆ, ಹಾಗಾಗಿ ಸಣ್ಣ ಕಾರಿನ ಆಲ್ಟರ್ನೇಟರ್ ಇದನ್ನು ಹೊರುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ ನನಗೆ ಬೇಕಾದದ್ದು 5 ಮೀಟರ್ ಕೇಬಲ್. ಇಷ್ಟು ಕರೆಂಟಿಗೆ 8 ಗೇಜಿನ (ಗೇಜ್ ಅಂಕಿ ಕಡಿಮೆಯಾದಷ್ಟೂ ದಪ್ಪ) ತಾಮ್ರದಲ್ಲಿ 0.33 ವೋಲ್ಟ್ ಕಳೆದುಹೋಗುತ್ತದೆ, 4 ಗೇಜಿನಲ್ಲಿ 0.13. ನಾನು 4 ಗೇಜ್ ಎಳೆದೆ, ಅಂದರೆ 21 ಸ್ಕ್ವೇರ್ ಎಂಎಂ. ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದರಲ್ಲೂ ದಪ್ಪ ಕಾಣುವುದು ಪ್ಲಾಸ್ಟಿಕ್ಕು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಕಾರ್ ಆಡಿಯೋ ಕೇಬಲ್ ದುಬಾರಿ ಎನಿಸಿದರೆ ಎಲೆಕ್ಟ್ರಿಕಲ್ ಅಂಗಡಿಯ 25 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲ್ ಚೆನ್ನಾಗಿ ನಡೆಯುತ್ತದೆ. ವೆಲ್ಡಿಂಗ್ ಕೇಬಲ್ಲಿನಲ್ಲೂ ಅಲ್ಯೂಮಿನಿಯಂನದು ಬರುತ್ತದೆ, ಕೇಳಿ ತನ್ನಿ. ಬಾನೆಟ್ ಒಳಗೆ ಸುರುಳಿ ಸ್ಲೀವ್ ಹಾಕಲೇಬೇಕು.

ಮುಖ್ಯ ಫ್ಯೂಸ್ 50 ಆಂಪಿಯರಿನದು, ಬ್ಯಾಟರಿಯಿಂದ 45 ಸೆಂಟಿಮೀಟರಿನ ಒಳಗೇ. ಇದು ಆಂಪ್ ಉಳಿಸಲಿಕ್ಕಲ್ಲ, ಕಾರಿಗೆ ಬೆಂಕಿ ಬೀಳದಿರಲಿಕ್ಕೆ. ಫ್ಯೂಸಿಗಿಂತ ಮೊದಲು ಕೇಬಲ್ ಬಾಡಿಯ ತಗಡಿಗೆ ಉಜ್ಜಿ ಶಾರ್ಟ್ ಆದರೆ ತಡೆಯುವವರೇ ಇಲ್ಲ. ಅದಕ್ಕೇ ಬಾನೆಟ್‌ನಿಂದ ಒಳಕ್ಕೆ ಬರುವಾಗ ಹೊಸ ತೂತು ಕೊರೆಯದೆ, ಹಾರ್ನೆಸ್ (ಕಾರಿನ ವೈರುಗಳ ಕಟ್ಟು) ಹೋಗುವ ರಬ್ಬರ್ ಗ್ರಾಮೆಟ್‌ನಲ್ಲೇ ಸಣ್ಣ ಸೀಳು ಮಾಡಿ ದಾಟಿಸಿದೆ.

ಅರ್ಥ್ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಪವರ್ ಕೇಬಲ್ಲಿನಷ್ಟೇ ದಪ್ಪದ, 45 ಸೆಂಟಿಮೀಟರ್ ಮೀರದ ತುಂಡು ಬೇಕು. ಸೀಟ್‌ಬೆಲ್ಟ್ ಬೋಲ್ಟಿಗೆ ಕೈ ಹಾಕಬೇಡಿ, ಅದು ಜೀವದ ಪ್ರಶ್ನೆ. ಬಾಡಿಯ ಶೀಟಿನಲ್ಲಿ ಒಂದು ಜಾಗ ಹುಡುಕಿ, ಪೇಂಟನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಕ್ರಿಂಪ್ ಮಾಡಿದ ಲಗ್, ಸ್ಟಾರ್ ವಾಷರ್, ನಟ್ ಬೋಲ್ಟ್ ಹಾಕಿ ಬಿಗಿಮಾಡಿ, ಮೇಲೆ ಪೇಂಟ್ ಬಳಿದೆ. ಉಡುಪಿ, ಮಂಗಳೂರಿನ ಕಡೆಯ ಕಾರಾದರೆ ಈ ಪೇಂಟ್ ಮರೆತರೆ ಒಂದೇ ಮಳೆಗಾಲಕ್ಕೆ ತುಕ್ಕು. ಪರೀಕ್ಷೆ ಹೀಗೆ: ಜೋರಾಗಿ ಹಾಡು ಹಾಕಿ, ಬ್ಯಾಟರಿಯ ಮೈನಸ್ ಪೋಸ್ಟಿಗೂ ಆಂಪ್‌ನ ಅರ್ಥ್ ಟರ್ಮಿನಲ್ಲಿಗೂ ನಡುವೆ ಡಿಸಿ ವೋಲ್ಟ್ ಅಳೆಯಿರಿ. 0.2 ದಾಟಿದರೆ ಮತ್ತೆ ಉಜ್ಜಿ.

ಆಂಪನ್ನು ವೂಫರ್ ಡಬ್ಬದ ಮೇಲೆ ಸ್ಕ್ರೂ ಹಾಕಿ ಕೂರಿಸಲಿಲ್ಲ, ಕಂಪನಕ್ಕೆ ಒಳಗಿನ ಸೋಲ್ಡರ್ ಬಿಡುತ್ತದೆ. ಹಿಂದಿನ ಸೀಟಿನ ಬೆನ್ನಿಗೆ 12 ಎಂಎಂ ಪ್ಲೈವುಡ್ ಕೂರಿಸಿ, ಗಾಳಿಯಾಡಲು ಸುತ್ತ ಜಾಗ ಬಿಟ್ಟು ಅಲ್ಲಿಟ್ಟೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಇದು ಇನ್ನೂ ಮುಖ್ಯ.

ಕಂಪನಿ ಸ್ಟೀರಿಯೊಗೆ ಆರ್‌ಸಿಎ (ಆಂಪಿಗೆ ಸಿಗ್ನಲ್ ಕೊಡುವ ಸಾಕೆಟ್) ಇರಲಿಲ್ಲ. ಆಂಪಿಗೇ ಹೈ-ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವುದು) ಇರುವುದನ್ನು ಆರಿಸಿದ್ದು ಅದಕ್ಕೇ. ವೈರ್ ಕತ್ತರಿಸಲಿಲ್ಲ, ಕಪ್ಲರ್ ಟು ಕಪ್ಲರ್ ಹಾರ್ನೆಸ್ ಹಾಕಿದೆ. ವಾರಂಟಿ ಇರುವ ಕಾರಿನಲ್ಲಿ ಇದರಲ್ಲಿ ಜಿಪುಣತನ ಬೇಡ. ಆಂಪನ್ನು ಆನ್ ಮಾಡುವ ರಿಮೋಟ್ ವೈರನ್ನು ಎಸಿಸಿ (ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ) ಫ್ಯೂಸಿನಿಂದ ಫ್ಯೂಸ್ ಟ್ಯಾಪ್ ಮೂಲಕ ತೆಗೆದೆ. ಸದಾ 12 ವೋಲ್ಟ್ ಇರುವ ಫ್ಯೂಸಿಗೆ ಕೊಟ್ಟರೆ ಆಂಪ್ ಆಫ್ ಆಗುವುದೇ ಇಲ್ಲ, ಕಾರು ಎರಡು ದಿನ ನಿಂತರೆ ಸೆಲ್ಫ್ ಹೊಡೆಯುವುದಿಲ್ಲ.

ಗೇನ್ ಎಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೊದ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು ಅದು. ಸ್ಪೀಕರ್ ವೈರ್ ಬಿಚ್ಚಿ, ಈಕ್ವಲೈಜರ್ ಸೊನ್ನೆಗೆ ತಂದು, ಬೇಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟೆ. ಬೇಕಾದ ವೋಲ್ಟೇಜ್ = ವ್ಯಾಟ್ ಮತ್ತು ಓಮಿನ ಗುಣಲಬ್ಧದ ವರ್ಗಮೂಲ. 75 ವ್ಯಾಟ್, 4 ಓಮಿಗೆ 17.3 ವೋಲ್ಟ್ ಎಸಿ, 200 ವ್ಯಾಟಿಗೆ 28.3. ಸೊನ್ನೆ ಡಿಬಿಯ ಸೈನ್ ಟೋನ್ (ಪೂರ್ತಿ ಮಟ್ಟದಲ್ಲಿ ರೆಕಾರ್ಡ್ ಆದ ಒಂದೇ ಸ್ವರ) ಹಾಕಿ, ಮೀಟರಿನಲ್ಲಿ ಆ ಅಂಕಿ ಬರುವವರೆಗೆ ಗೇನ್ ತಿರುಗಿಸುವುದು. ವೂಫರಿಗೆ 50 ಹರ್ಟ್ಜ್. ಮುಂದಿನವಕ್ಕೆ 1 ಕಿಲೋಹರ್ಟ್ಜ್ ಎನ್ನುತ್ತಾರೆ, ಆದರೆ ಅಗ್ಗದ ಮಲ್ಟಿಮೀಟರುಗಳ ಎಸಿ ಅಳತೆ 400 ಹರ್ಟ್ಜ್‌ವರೆಗೆ ಮಾತ್ರ ನಂಬಿಕಸ್ಥ, ಆದ್ದರಿಂದ ನಾನು 400ರಲ್ಲೇ ಮಾಡಿದೆ. ಗೇನ್ ಇದನ್ನು ಮೀರಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮೊದಲು ಸುಡುವುದು ಟ್ವೀಟರ್.

ಆಮೇಲೆ ಮುಂದಿನವಕ್ಕೆ 80 ಹರ್ಟ್ಜ್ ಹೈಪಾಸ್ (ಅದಕ್ಕಿಂತ ಮೇಲಿನ ಸ್ವರ ಮಾತ್ರ ಬಿಡುವ ಫಿಲ್ಟರ್), ವೂಫರಿಗೆ 80ರ ಲೋಪಾಸ್ (ಕೆಳಗಿನದನ್ನು ಮಾತ್ರ ಬಿಡುವುದು). ಡಬ್ಬ ಪೋರ್ಟ್ (ಗಾಳಿ ಕಿಂಡಿ) ಇರುವಂಥದ್ದಾದರೆ ತೀರಾ ಕೆಳಗಿನ ಸ್ವರ ತಡೆಯುವ ಸಬ್‌ಸಾನಿಕ್ ಫಿಲ್ಟರ್ ಬೇಕೇ ಬೇಕು. ಪೋರ್ಟ್ ಟ್ಯೂನ್ ಆದ ಸ್ವರಕ್ಕಿಂತ ಕೆಳಗೆ ಕೋನಿಗೆ ಹಿಡಿತವಿರುವುದಿಲ್ಲ. ನನ್ನದು ಮುಚ್ಚಿದ ಡಬ್ಬ, ಅದರ ಅಗತ್ಯ ಬೀಳಲಿಲ್ಲ. ಎಕ್ಸಲರೇಟರ್ ತುಳಿದಂತೆ ಕುಂಯ್ ಎನ್ನುವ ಸದ್ದು ಏರಿದರೆ ಮೊದಲು ಅರ್ಥ್ ನೋಡಿ, ಆಮೇಲೆ ಸಿಗ್ನಲ್ ವೈರ್ ಪವರ್ ಕೇಬಲ್ಲಿನ ಜೊತೆಗೇ ಓಡಿದೆಯಾ ನೋಡಿ. ನಾನು ಒಂದನ್ನು ಎಡಗಡೆ, ಇನ್ನೊಂದನ್ನು ಬಲಗಡೆ ಎಳೆದಿದ್ದೆ. ಎಫ್‌ಎಂ ಕೆರೆದಂತೆ ಕೇಳಿದರೆ ಕ್ಲಾಸ್ ಡಿ ಆಂಪ್‌ನ ಸ್ವಿಚಿಂಗ್ ಸದ್ದು ಆಂಟೆನಾ ವೈರಿಗೆ ಹತ್ತುತ್ತಿದೆ ಎಂದು ಲೆಕ್ಕ, ವೈರ್ ದೂರ ಸರಿಸಿ. ತಿಂಗಳು ಓಡಿಸಿದ ಮೇಲೆ ಅರ್ಥ್ ನಟ್ಟು, ಫ್ಯೂಸ್ ಹೋಲ್ಡರ್ ಸ್ಕ್ರೂ ಎರಡನ್ನೂ ಇನ್ನೊಮ್ಮೆ ಬಿಗಿಮಾಡಿ. ನನ್ನದರಲ್ಲಿ ಎರಡೂ ಕಾಲು ಸುತ್ತು ಸಡಿಲವಾಗಿದ್ದವು.